ಡಿಸ್ಕಿನ ಅಂಚಿಗೆ ಯಾರು?

ಸೀನಿ ಸತ್ತು ಆರು ತಿಂಗಳಾಗಿತ್ತು. ಅವಳ ದನಿ ಮಾತ್ರ ಟೋಂಗಾ ದ್ವೀಪದ ನೇಯಾಫು ಬಂದರಿನ ಒಂದು ಸಣ್ಣ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಅಂಗಡಿ ಅವಳ ಮಗಳು ಲೆಸಿಯೆಲಿಯದು. ಊರಿನವರ ಹಳೆಯ ಕ್ಯಾಸೆಟ್ಟುಗಳನ್ನು ಸಿಡಿ ಮಾಡಿಕೊಡುವುದು ಅವಳ ಕಸುಬು. ಅಮ್ಮನ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರ್ ಎಂದೋ ಅಗಿದು ಹಾಕಿತ್ತು. ಅದಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರಿಂದ ಹಾಡೊಂದು, ಶುರುವಿಗೆ ಮುಂಚೆ ಅಮ್ಮ ಮಗಳಿಗೆ ಗದರಿದ ಮಾತಿನ ಸಮೇತ, ಬದುಕಿಕೊಂಡಿತ್ತು.

ಚರ್ಚಿಗೆ ನೂರು ವರ್ಷ ತುಂಬುವ ಹಬ್ಬ ಹತ್ತಿರವಾಗಿತ್ತು. ಆಕ್ಲೆಂಡು, ಸಿಡ್ನಿಗಳಲ್ಲಿ ನೆಲೆಸಿದ ಊರಿನವರಿಗೆಲ್ಲ ಒಂದೊಂದು ಡಿಸ್ಕ್ ಕಳಿಸಬೇಕೆಂದು ಕಮಿಟಿ ನಿಶ್ಚಯಿಸಿತು. ಮೊದಲು ಪಾದ್ರಿ ಫಿಲಿಮೋನೆಯ ಭಾಷಣ, ಆಮೇಲೆ ಗಾಯಕ ತಂಡದ ಸ್ತುತಿಗೀತೆಗಳು, ಎಲ್ಲಕ್ಕಿಂತ ಕೊನೆಗೆ ಮರದ ತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತ ಹೆಂಗಸರು ಹೇಳುವ ಹಾಡು. ಆ ಹಾಡನ್ನು ಕಟ್ಟಿದವಳೂ ಸೀನಿ, ಹಾಡಿದವಳೂ ಸೀನಿ. ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ ಎನ್ನುವುದು ಟೋಂಗಾದಲ್ಲಿ ಊಟದ ಎಲೆಗೂ ಇರುವ ಕಟ್ಟಳೆ. ಡಿಸ್ಕಿಗೆ ಮಾತ್ರ ಬೇರೆ ಕಟ್ಟಳೆ ಎಂದು ಯಾರಿಗೆ ಹೊಳೆಯಬೇಕು?

ಪಾದ್ರಿಯ ಭಾಷಣ ಎಂದರೆ ಹಂದಿ ಸುಡಲು ಹಾಕಿ ಬಂದು ಕೂತವರು ಎದ್ದು ಹೋಗುವ ಹೊತ್ತಿಗೆ ಹಂದಿ ಕರಕಲಾಗಿರುವಂಥದ್ದು. ಮಾಮೂಲಿ ಡಿಸ್ಕ್ ಸಾಲಲಿಲ್ಲ. ಎರಡು ಡಿಸ್ಕ್ ಮಾಡಿದರೆ ಎರಡನೆಯದನ್ನು ಯಾರೂ ಹಾಕಿ ಕೇಳುವುದಿಲ್ಲ ಎಂದು ಕಮಿಟಿ ತಲೆಯಾಡಿಸಿತು. ಹಾಗಾಗಿ ಲೆಸಿಯೆಲಿ ಹೆಚ್ಚು ಹೊತ್ತಿನ ಹಾಡು ಹಿಡಿಸುವ ಡಿಸ್ಕುಗಳನ್ನು ತರಿಸಿದಳು. ಅವುಗಳಲ್ಲಿ ಗೆರೆಗಳನ್ನು ಒತ್ತೊತ್ತಾಗಿ ಸುತ್ತಿ, ಅಂಚಿನವರೆಗೂ ತುಂಬಿರುತ್ತಾರೆ. ಒಂದನ್ನು ಬರೆದಳು, ಬರೆದ ಯಂತ್ರದಲ್ಲೇ ಹಾಕಿ ಕೊನೆಯವರೆಗೂ ಕೇಳಿದಳು, ಸೊಗಸಾಗಿದೆ ಎಂದು ಕಮಿಟಿಗೆ ಹೇಳಿಯೂ ಬಿಟ್ಟಳು. ಎಂಥ ಪೆದ್ದುತನ! ತಾನು ಗೀಚಿದ್ದನ್ನು ತಾನೇ ಓದಿಕೊಂಡರೆ ಯಾರ ಅಕ್ಷರ ತಾನೇ ಕೆಟ್ಟದಾಗಿ ಕಾಣುತ್ತದೆ?

ಪಾದ್ರಿಯ ವ್ಯಾನಿನಲ್ಲಿ ಹಾಕಿದಾಗ ಬಣ್ಣ ಬಯಲಾಯಿತು. ಭಾಷಣ ಗಂಟೆ ಹೊಡೆದ ಹಾಗೆ ಬಂತು, ಸ್ತುತಿಗೀತೆಗಳೂ ಬಂದವು. ಸೀನಿ ಎರಡು ಸಾಲು ಹಾಡಿ ತೊದಲಿದಳು. ಟಕಟಕ ಎಂದಿತು ಪ್ಲೇಯರ್, ಸುಮ್ಮನಾಯಿತು. ಚರ್ಚಿನ ಪ್ಲೇಯರಿನಲ್ಲೂ ಅದೇ ಗತಿ. ಬಂದರಿನ ಹೋಟೆಲಿನದು ಮಾತ್ರ ಕೊನೆಮುಟ್ಟಿಸಿತು. ಆಕ್ಲೆಂಡಿನಲ್ಲಿ ಯಾರ ಮನೆಯಲ್ಲಿ ಯಾವ ಪ್ಲೇಯರಿದೆಯೋ ದೇವರೇ ಬಲ್ಲ. ಅಮ್ಮ ತನ್ನ ಕೈಯಲ್ಲೇ ಇನ್ನೊಮ್ಮೆ ಸತ್ತಳು ಎನಿಸಿತು ಲೆಸಿಯೆಲಿಗೆ.

ಸೂತಕದ ಕರಿಬಟ್ಟೆಯ ಮೇಲೆ, ಅಲ್ಲಿನವರು ಮರ್ಯಾದೆಗೆ ಸುತ್ತಿಕೊಳ್ಳುವ ಸೊಂಟದ ಚಾಪೆ ಬಿಗಿದುಕೊಂಡು, ಕಮಿಟಿಯ ಗಂಡಸರು ಬೇರು ಅರೆದು ಮಾಡಿದ ಕಾವಾ ಕುಡಿಯುತ್ತಿದ್ದ ಚರ್ಚಿನ ಹಜಾರಕ್ಕೆ ಹೋಗಿ ನಿಂತಳು.

"ಅಯ್ಯನೋರೆ, ಡಿಸ್ಕ್ ಒಳಗಿಂದ ಹೊರಕ್ಕೆ ಓಡುತ್ತೆ. ಮೊದಲು ಹಾಕಿದ್ದು ನಡುವೆ ಭದ್ರವಾಗಿರುತ್ತೆ. ಕೊನೇದು ಅಂಚಿಗೆ ಬರುತ್ತೆ, ಅಲ್ಲಿ ಎಷ್ಟೋ ಪ್ಲೇಯರು ಎಡವುತ್ತೆ. ನಿಮ್ಮ ಭಾಷಣ ಒಂಚೂರು ಚಿಕ್ಕದು ಮಾಡಿ, ಅಂಚಿಗೆ ಹೋಗೋ ಕೆಲಸವೇ ಇರಲ್ಲ."

"ದೇವರ ಮಾತನ್ನ ಕತ್ತರಿಸು ಅಂತೀಯಾ?" ಎಂದ ಫಿಲಿಮೋನೆ.

"ದೇವರ ಮಾತು ಕಾಲು ಭಾಗ. ಮಿಕ್ಕಿದ್ದೆಲ್ಲ ನೀವು ಫೀಜಿಗೆ ಹೋಗಿ ಬಂದ ಕತೆ."

ಕಾವಾ ಹಂಚುತ್ತಿದ್ದ ಮುದುಕ ಪೌಲಾನಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಪಾದ್ರಿಯ ಮುಖ ಕೆಂಪಾಯಿತು.

"ನಿನ್ನಮ್ಮನ ಹಾಡು ಹೋದ್ರೆ ಹೋಗ್ಲಿ ಬಿಡು ಲೆಸಿ. ಬಟ್ಟೆ ಬಡಿಯೋ ಹಾಡು ತಾನೆ? ಹೇಳಿದಷ್ಟು ಮಾಡು, ಹೋಗು."

ಈ ಮಾತಿನಿಂದ ಕೆಟ್ಟಿತು. ಫಿಲಿಮೋನೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೆ ಅವನ ತಂದೆ ಮತ್ತು ಲೆಸಿಯೆಲಿ ಅಣ್ಣತಮ್ಮಂದಿರ ಮಕ್ಕಳು. ಲೆಕ್ಕಕ್ಕೆ ಅವಳು ಅವನಿಗೆ ಸೋದರತ್ತೆ. ಆ ದ್ವೀಪಗಳಲ್ಲಿ ಸೋದರತ್ತೆಗಿಂತ ಮೇಲೆ ಯಾರೂ ಇಲ್ಲ. ಸಾವಿನ ಮನೆಯಲ್ಲೂ ಹೆಣದ ತಲೆದೆಸೆ ಅವಳ ಜಾಗ, ಕೆಳಗಿನವರಿಗೆ ಹರಕು ಚಾಪೆ. ಚರ್ಚಿನೊಳಗೆ ಆ ಹಿರಿತನವನ್ನು ಅವಳು ಒಂದು ದಿನವೂ ತಂದವಳಲ್ಲ. ಈಗ ಚಪ್ಪಲಿ ಬಿಟ್ಟು ಒಳಗೆ ಬಂದಳು. ಗಂಡಸರ ಸಾಲು ದಾಟಿ ಪಾದ್ರಿಯ ಎದುರಿಗೇ ನಿಂತಳು.

"ಫಿಲಿ, ನಿನ್ನಪ್ಪ ಹೋದಾಗ ಹೆಣದ ತಲೆದೆಸೇಲಿ ಕೂತಿದ್ದು ಯಾರೋ?"

ಅವನು ಕಾವಾ ತುಂಬಿದ ತೆಂಗಿನ ಚಿಪ್ಪನ್ನು ಕೈಗೆತ್ತಿಕೊಂಡ.

"ಹರಕು ಚಾಪೆ ಸುತ್ಕೊಂಡು ನನ್ನ ಕಾಲ ಹತ್ರ ಕೂತಿದ್ದವನು ಯಾರು? ಅವತ್ತು ನಾನು ಅತ್ತೆ, ಇವತ್ತು ಅಂಗಡಿಯವಳಾ? ಕೇಳು. ನಮ್ಮಮ್ಮ ಮೊದಲು ಬರ್ತಾಳೆ. ನೀನು ಕೊನೆಗೆ, ಅಂಚಿಗೆ. ಬೇಡ ಅಂದ್ರೆ ಡಿಸ್ಕೇ ಇಲ್ಲ. ಯಾರ ಕೈಲಿ ಬರೆಸ್ತೀಯೋ ಬರೆಸ್ಕೋ."

"ಇದು ಚರ್ಚು, ಅತ್ತೆ," ಎಂದ ಅವನು, ಮೆಲ್ಲಗೆ. ಬಾಯಿತಪ್ಪಿ ಅತ್ತೆ ಎಂದಾಗಿತ್ತು, ಎಲ್ಲರೂ ಕೇಳಿಸಿಕೊಂಡಿದ್ದರು. ಕಾವಾ ಚಿಪ್ಪನ್ನು ಒಂದೇ ಗುಟುಕಿಗೆ ಬರಿದು ಮಾಡಿ ಕೆಳಗಿಟ್ಟ. "ಆಯ್ತು. ಆದ್ರೆ ಹಾಡಿಗೆ ಮುಂಚೆ ನಿಮ್ಮಮ್ಮ ಆಡಿದ ಆ ಮಾತಿದೆಯಲ್ಲ, ಅದನ್ನಾದ್ರೂ ತೆಗಿ. ಚರ್ಚಿನ ಡಿಸ್ಕು ಹಂದಿಯಿಂದ ಶುರುವಾಗಬಾರದು."

"ತೆಗೆಯಲ್ಲ," ಎಂದಳು ಲೆಸಿಯೆಲಿ.

ಅವನೂ ತನ್ನ ಭಾಷಣದಲ್ಲಿ ಒಂದಕ್ಷರ ಬಿಡಲಿಲ್ಲ. ಹಠಮಾರಿತನಕ್ಕೆ ಆ ವಂಶದಲ್ಲಿ ಎಂದೂ ಬರವಿಲ್ಲ. ಫೀಜಿಯ ಕತೆ ಸಮೇತ ಭಾಷಣ ಅಂಚಿಗೆ ಹೋಯಿತು.

ಹಬ್ಬದ ದಿನ ಹಜಾರ ಕಿಕ್ಕಿರಿದಿತ್ತು. ಒಳಗೆ ಜಾಗವಿಲ್ಲದೆ ಬಾಗಿಲಲ್ಲೂ ಜನ ನಿಂತಿದ್ದರು. ಅವರ ನಡುವೆ ಬಂದವರನ್ನು ಸ್ವಾಗತಿಸುತ್ತ ಪಾದ್ರಿಯೂ ನಿಂತಿದ್ದ. ಲೆಸಿಯೆಲಿ ಚರ್ಚಿನ ಹಳೇ ಪ್ಲೇಯರಿಗೆ ಡಿಸ್ಕ್ ಹಾಕಿದಳು. ಅದು ಗುರ್ ಎಂದು ತಿರುಗಿತು.

"ಲೆಸಿ, ಬಾಗಿಲು ಹಾಕೇ, ಹಂದಿ ನುಗ್ತಾವೆ!" ಎಂದಳು ಸೀನಿ, ಇಡೀ ಹಜಾರಕ್ಕೆ ಕೇಳುವಂತೆ.

ಜನ ಗೊಳ್ಳೆಂದು ನಕ್ಕರು. ನಗು ಇಳಿಯುವ ಮೊದಲೇ ಮರದ ಕೊಡತಿಯ ಪೆಟ್ಟು ಶುರುವಾಯಿತು, ಅದರ ಮೇಲೆ ಹಾಡು ಎದ್ದಿತು. ಎಲ್ಲೂ ತೊದಲಲಿಲ್ಲ. ಮುದುಕಿಯರು ತೊಡೆ ತಟ್ಟುತ್ತ ದನಿಗೂಡಿಸಿದರು. ಲೆಸಿಯೆಲಿ ಕಣ್ಣೊರೆಸಿಕೊಳ್ಳದೆ, ತಲೆಯೆತ್ತಿ ನೇರ ಬಾಗಿಲ ಕಡೆ ನೋಡಿದಳು.

ಫಿಲಿಮೋನೆ ಅಡ್ಡ ನಿಂತವರನ್ನು ಒಳಗೆ ಸರಿಸಿ ಬಾಗಿಲು ಹಾಕುತ್ತಿದ್ದ.