ಕೇಳಿಸಿದರೆ ಒತ್ತಿ

ಬಂತು, ಒತ್ತಿದೆ, ಎಡಗಿವಿಯ ಒಳಮೂಲೆಯಲ್ಲೆಲ್ಲೋ ಗುಂಯ್ ಅಂತ ಒಂದು, ಮತ್ತೆ ಬಂತು, ಒತ್ತಿದೆ, ಇವು ದಪ್ಪ ಸದ್ದುಗಳು, ದಪ್ಪ ಸದ್ದುಗಳ ಜೊತೆ ನನಗೆ ಯಾವ ತಕರಾರೂ ಇಲ್ಲ, ಬರಲಿ ಎಷ್ಟು ಬೇಕಾದರೂ — ಈ ಡಬ್ಬಿಯೊಳಗೆ ಏನು ಸೆಕೆಯಪ್ಪ, ಗೋಡೆಗೆಲ್ಲ ತೂತು ತೂತಿನ ಬಿಳಿ ತಗಡು, ಬಾಗಿಲು ಗೇಣು ದಪ್ಪ, ಮುಚ್ಚಿದ ಕೂಡಲೇ ಕಾರಿಡಾರಿನ ಗಲಾಟೆಯೆಲ್ಲ ಕತ್ತರಿಸಿ ಹೋಯಿತು, ಎದುರಿಗೆ ಒಂದು ಗಾಜು, ಗಾಜಿನ ಆಚೆ ಕಿವಿ ಪರೀಕ್ಷೆಯ ಮೇಡಂ, ಮೂವತ್ತು ದಾಟಿರಲಿಕ್ಕಿಲ್ಲ, ಕೈ ನನಗೆ ಕಾಣದ ಹಾಗೆ ಯಂತ್ರದ ಹಿಂದೆ ಇಟ್ಟುಕೊಂಡಿದ್ದಾರೆ, ಜಾಣೆ, ನೋಡಿ ಸಾರ್, ಎಷ್ಟೇ ಸಣ್ಣದಾಗಿ ಕೇಳಿಸಿದ್ರೂ ಸರಿ, ಕೇಳಿಸಿದ್ರೆ ಈ ಬಟನ್ ಒತ್ತಿ, ಇಲ್ಲಾಂದ್ರೆ ಸುಮ್ನಿರಿ, ಇದೇನು ಪಾಸು ಫೇಲಿನ ಪರೀಕ್ಷೆ ಅಲ್ಲ, ಅಂದಿದ್ದರು ಬಾಗಿಲು ಮುಚ್ಚುವ ಮೊದಲು ನನ್ನ ತಲೆಗೆ ಹೆಡ್‌ಫೋನ್ ತೊಡಿಸುತ್ತ, ಕೆಂಪು ಬಲಗಡೆ, ನೀಲಿ ಎಡಗಡೆ ಸಾರ್ ಅಂತ ಬೇರೆ ಹೇಳಿಕೊಟ್ಟರು, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಇಪ್ಪತ್ತೆರಡು ವರ್ಷದಿಂದ ಕ್ಲಬ್ಬುಗಳಲ್ಲಿ ಶನಿವಾರದ ಟ್ರಾನ್ಸ್ ಸಂಗೀತದ ನೈಟ್ ನಡೆಸುವ ಡಿಜೆಗೆ, ತಲೆಗೂದಲು ಹೆಡ್‌ಫೋನ್ ಕೂರುವ ಜಾಗದಲ್ಲೇ ಸವೆದು ಹೋಗಿರುವವನಿಗೆ — ಬಂತು, ಒತ್ತಿದೆ. ಪಾಸು ಫೇಲು ಇಲ್ಲವಂತೆ, ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಾಳೆ, ಅವಳನ್ನು ಕೇಳಬೇಕು ಆ ಮಾತನ್ನ.

ಮೂರು ಸಲ ಕೂಗ್ದೆ ಕಣೋ, ನಾಲ್ಕನೇ ಸಲ ಬಾಯಿಗೆ ಬಂದ ಹಾಗೆ ಬೈದೆ, ಅದಕ್ಕೂ ಹೂಂ ಅಂದ್ಯಲ್ಲೋ, ಅಂದಳು ಭಾನುವಾರ, ನಾನು ಅವಳ ಅಂಗಡಿಯಲ್ಲಿ ಪ್ಯಾಂಟುಗಳ ರಾಶಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದೆ, ಹಳೆ ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ಅಂಗಡಿ, ಅವಳು ನನ್ನ ಬೆನ್ನ ಹಿಂದೆ ಹೊಲಿಗೆ ಯಂತ್ರದ ಮುಂದೆ, ಏನಂತ ಬೈದೆ ಅಂದೆ, ಅದನ್ನ ಮತ್ತೆ ಹೇಳೋಕೆ ನನಗೆ ಬಾಯಿ ಬರಲ್ಲ, ಎದ್ದೇಳು, ಮಂಗಳವಾರ ಮಧ್ಯಾಹ್ನಕ್ಕೆ ಹೆಸರು ಬರೆಸಿದೀನಿ, ಅಂದಳು, ಅಂದರೆ ಬೈಯುವ ಮೊದಲೇ ಬರೆಸಿದ್ದಳು, ತಿಂಗಳುಗಟ್ಟಲೆ ನೋಡುತ್ತಿದ್ದಳು ಅಂತಾಯಿತು. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು, ನನ್ನ ಹಲ್ಲು ಬಿದ್ದದ್ದು, ಜ್ವರ ಬಂದದ್ದು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು ಎಲ್ಲ ಅವಳಿಗೆ ನನಗಿಂತ ಮುಂಚೆ ಗೊತ್ತಾಗುತ್ತಿತ್ತು, ಇದೊಂದು ಗೊತ್ತಾಗದೆ ಇರುತ್ತದೆಯೇ — ಸಣ್ಣಗಾಯಿತು ಸದ್ದು, ಆದರೂ ಬಂತು, ಒತ್ತಿದೆ — ಪರೀಕ್ಷೆ ಚೀಟಿಯಲ್ಲಿ ಕಿವಿ ಸರಿಯಿದೆ ಅಂತ ಬಂದ್ರೆ ನಾನಿನ್ನು ಉಸಿರೆತ್ತಲ್ಲ, ಕೆಟ್ಟಿದೆ ಅಂತ ಬಂದ್ರೆ ಈ ಶನಿವಾರದಿಂದಲೇ ಆ ಡಬಡಬ ಬಂದ್, ಉಳಿದಿರೋದನ್ನಾದ್ರೂ ಉಳಿಸ್ಕೋ, ಅಂಗಡೀಲಿ ಕೂತ್ಕೋ, ಮಾತು ಕೊಡು, ಅಂದಳು. ಕೊಟ್ಟುಬಿಟ್ಟೆ. ಅವಳಿಗೆ ಕೊಟ್ಟ ಮಾತು ಇವತ್ತಿನವರೆಗೆ ತಪ್ಪಿಲ್ಲ, ಅದೇ ಪೀಕಲಾಟಕ್ಕೆ ಬಂದಿರುವುದು.

ಮತ್ತೆ ಸಾಕಾಗಿದೆ ಅಂತ ನಾನೇ ಅಲ್ಲವೇ ವರ್ಷದಿಂದ ಗೊಣಗುತ್ತಿರುವವನು, ಸಾಕಾಗಿದೆ, ಸುಳ್ಳಲ್ಲ, ಮೊದಲೆಲ್ಲ ಟ್ರಾನ್ಸ್ ಅಂದರೇನು ಅಂತ ಯಾರಾದರೂ ಕೇಳಿದರೆ ಗಂಟೆಗಟ್ಟಲೆ ಕೊರೆಯುತ್ತಿದ್ದೆ, ಈಗ ಎಣಿಸೋದು ಕಣ್ರೀ ಅಂತೀನಿ, ಅಷ್ಟೆ, ಮೂವತ್ತೆರಡು ಏಟಿಗೆ ಒಂದು ಕಂತು, ಒಂದು ಹಾಡನ್ನು ಇಳಿಸುವುದೂ ಇನ್ನೊಂದನ್ನು ಏರಿಸುವುದೂ ಕಂತಿನ ಕೊನೆಗೇ ಆಗಬೇಕು, ಯಾವುದು ಹೋಯಿತು, ಯಾವುದು ಬಂತು ಅನ್ನುವುದು ಕುಣಿಯುವವರ ಕಾಲಿಗೆ ತಿಳಿಯಬಾರದು, ಅದೇ ಟ್ರಾನ್ಸಿಶನ್, ನಡುವೆ ಒಂದು ಕಡೆ ಡ್ರಮ್ ಪೂರ್ತಿ ನಿಂತು ಬರೀ ತೆಳ್ಳನೆಯ ಎಳೆ ಸದ್ದು ಮೇಲೆ ಮೇಲೆ ಏರುತ್ತದೆ, ಜನ ಕೈ ಎತ್ತಿ ಕಾಯುತ್ತಾರೆ, ಆಮೇಲೆ ಡ್ರಮ್ ಬೀಳುತ್ತದೆ, ಕುಣಿಯುತ್ತಾರೆ, ಇಷ್ಟೇ, ಇದನ್ನು ಇಪ್ಪತ್ತೆರಡು ವರ್ಷ ಮಾಡಿದ್ದೇನೆ, ಹಲ್ಲುಜ್ಜುವಾಗಲೂ ಮೂವತ್ತೆರಡು, ಮೆಟ್ಟಿಲು ಹತ್ತುವಾಗಲೂ ಮೂವತ್ತೆರಡು, ನಿದ್ದೆಯಲ್ಲೂ ಹೆಬ್ಬೆರಳು ಆಡುತ್ತಿರುತ್ತದಂತೆ. ಹೋದ ಶನಿವಾರ ಆ ಡ್ರಮ್ ನಿಲ್ಲುವ ಜಾಗದಲ್ಲಿಯೇ ಕ್ಲಬ್ಬಿನ ಹಾಲ್‌ನ ಸ್ಪೀಕರುಗಳ ಫ್ಯೂಸು ಹೋಯಿತು. ನನ್ನ ಮೇಜಿನ ದೀಪಗಳು ಉರಿಯುತ್ತಲೇ ಇದ್ದವು, ಹೆಡ್‌ಫೋನ್ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಹಾಲ್ ಪೂರ್ತಿ ನಿಶ್ಶಬ್ದ, ಎರಡು ಮೂವತ್ತೆರಡು, ಹತ್ತಿರ ಹತ್ತಿರ ಅರ್ಧ ನಿಮಿಷ, ನನಗೆ ಮಾತ್ರ ಗೊತ್ತಾಗಲಿಲ್ಲ. ಮುಂದಿನ ಸಾಲಿನವರು ಬಾಯಿ ತೆರೆದು ಏನೋ ಕೂಗುತ್ತಿದ್ದರು, ಖುಷಿ ಹೆಚ್ಚಾಗಿದೆ ಮಕ್ಕಳಿಗೆ ಅಂದುಕೊಂಡೆ, ಬೆಪ್ಪುತಕ್ಕಡಿ, ಎರಡೂ ಕೈ ಎತ್ತಿ ಇನ್ನೂ ಕೂಗಿ ಅಂತ ಸನ್ನೆ ಮಾಡಿದೆ, ಮುಗುಳ್ನಕ್ಕೆ ಕೂಡ, ಎಣಿಕೆ ಮುಗಿಯಿತು, ಡ್ರಮ್ ತಂದೆ, ಅದೇ ಗಳಿಗೆಗೆ ಎಲೆಕ್ಟ್ರಿಷಿಯನ್ ಹಿಂದಿನ ಕೋಣೆಯಲ್ಲಿ ಫ್ಯೂಸು ಸರಿಮಾಡಿದ್ದ, ಧಡ್ ಅಂತ ಬಿತ್ತು, ಇಡೀ ಹಾಲ್ ಹುಚ್ಚೆದ್ದು ಹೋಯಿತು. ಬಾಗಿಲು ಹಾಕುವ ಹೊತ್ತಿಗೆ ಆ ಎಲೆಕ್ಟ್ರಿಷಿಯನ್ನೇ ಬಂದು, ಫ್ಯೂಸು ಹೋಗಿ ಸ್ಪೀಕರೆಲ್ಲ ಬಂದ್ ಆಗಿ ನಾನು ಹಿಂದೆ ಒದ್ದಾಡ್ತಿದ್ರೆ, ನೀವು ಹೆಂಗೆ ಸಾರ್ ಅಷ್ಟು ಆರಾಮಾಗಿ ಕೈ ಎತ್ಕೊಂಡು ನಿಂತಿದ್ರಿ, ಅಂದಾಗಲೇ ನನಗೆ ವಿಷಯ ತಿಳಿದದ್ದು. ಅಭ್ಯಾಸ ಕಣಪ್ಪ ಅಂದೆ.

ಬಂತೇ, ಬಂತು ಅನ್ನಿಸುತ್ತದೆ, ಒತ್ತಿದೆ. ಮಾವ ಕೇಳಿಲ್ಲಿ, ಅಂತ ಅಕ್ಕನ ಮಗಳು ಮಾರನೇ ದಿನ ಫೋನು ಹಿಡಿದು ಊಟದ ಮೇಜಿನ ಮೇಲೆ ಮೊಣಕೈ ಊರಿ ಓದಿದ್ದೇ ಓದಿದ್ದು, ಕ್ಲಬ್ಬಿನ ಪುಟದಲ್ಲಿ ಬಂದವರ ಅಭಿಪ್ರಾಯಗಳು, ಅವಳು ಓದಿದ್ದು ಅರ್ಧ ಕೇಳಿಸಿತು, ಅರ್ಧ ಅವಳ ಭುಜದ ಮೇಲಿಂದ ಇಣುಕಿ ಓದಿಕೊಂಡೆ, ಆ ಮೌನ ಇದೆಯಲ್ಲ, ಅರ್ಧ ನಿಮಿಷ ಏನೂ ಇಲ್ಲದೆ ನಿಲ್ಲಿಸೋ ಎದೆಗಾರಿಕೆ ಯಾರಿಗಿದೆ ಇವತ್ತು, ಅಂತ ಒಬ್ಬ, ನಾನು ಅತ್ತುಬಿಟ್ಟೆ ಅಂತ ಒಬ್ಬಳು, ಟ್ರಾನ್ಸ್ ಸತ್ತು ಹತ್ತು ವರ್ಷ ಆಯ್ತು, ಈಗ ಬರೋದೆಲ್ಲ ಫೋನ್ ಎತ್ತೋ ಜನ, ಆದ್ರೆ ಆ ಅರ್ಧ ನಿಮಿಷ ಮಾತ್ರ ಒಂದು ಫೋನೂ ಎದ್ದಿರಲಿಲ್ಲ ಅಂತ ಇನ್ನೊಬ್ಬ, ಎಲ್ಲಿ ಎದ್ದಾವು, ಕರೆಂಟು ಹೋಯಿತು ಅಂತ ಬಾಗಿಲ ಕಡೆ ನೋಡುತ್ತಿದ್ದರಲ್ಲ, ಟ್ರಾನ್ಸಿಶನ್ ಬೆಣ್ಣೇಲಿ ಕೂದಲು ತೆಗೆದ ಹಾಗಿತ್ತು ಅಂತ ಮತ್ತೊಬ್ಬ, ಅವನಿಗೆ ಉತ್ತರವಾಗಿ ಇನ್ನೊಬ್ಬ, ಇಲ್ಲ ಮೂರನೇ ಹಾಡಿಂದ ನಾಲ್ಕನೇದಕ್ಕೆ ಎಡವಿದ್ದಾನೆ, ಕಿವಿ ಇದ್ದೋರಿಗೆ ಗೊತ್ತಾಗುತ್ತೆ, ಮೊದಲ ಒಂದು ಗಂಟೆ ಜೋಗುಳ, ಜನ ಜಾಸ್ತಿ, ಗಾಳಿ ಕಮ್ಮಿ, ಬಾತ್‌ರೂಮಿಗೆ ಕ್ಯೂ, ಇವನು ಜನರ ಮುಖಾನೇ ನೋಡಲ್ಲ, ತಲೆ ಬಗ್ಗಿಸ್ಕೊಂಡು ಲೆಕ್ಕದ ಮೇಷ್ಟ್ರ ಥರ ನಿಂತಿರ್ತಾನೆ — ಊರಿಗೊಂದು ಬಾಯಿ, ಬಾಯಿಗೊಂದು ಮಾತು, ಮೊದಲು ಇಂಥದ್ದಕ್ಕೆಲ್ಲ ರಾತ್ರಿಯೆಲ್ಲ ಮನಸ್ಸಿನಲ್ಲೇ ಉತ್ತರ ಕೊಡುತ್ತ ಮಲಗುತ್ತಿದ್ದೆ, ಈಗ ಹೊಗಳಿಕೆಗೂ ಆಕಳಿಕೆ, ಬೈಗುಳಕ್ಕೂ ಆಕಳಿಕೆ. ಮ್ಯಾನೇಜರ್ ಫೋನ್ ಮಾಡಿ, ಸೂಪರ್ ಐಡಿಯಾ ಗುರು, ಈ ಶನಿವಾರ ಪೂರ್ತಿ ಒಂದು ನಿಮಿಷ ಮಾಡಿ, ಪೋಸ್ಟರಲ್ಲೇ ಹಾಕ್ತೀನಿ, ಅಂದ, ಮೌನಕ್ಕೆ ಪೋಸ್ಟರು. ಹತ್ತಿ ಅಂಕಲ್ ಒಬ್ಬರೇ ಪುಟದಲ್ಲಿ ಏನೂ ಬರೆಯಲಿಲ್ಲ, ಎರಡೂ ಕಿವಿಗೆ ಹತ್ತಿ ತುಂಬಿಕೊಂಡು ಹಿಂದಿನ ಗೋಡೆಯ ಹತ್ತಿರ ಕುಣಿಯುವ ಅರವತ್ತೈದರ ಮನುಷ್ಯ, ನೀನೂ ಇಟ್ಕೊಳಪ್ಪ ಅಂತ ಹತ್ತು ವರ್ಷದಿಂದ ಹೇಳಿದವರು, ಕೋಣನ ಮುಂದೆ ಕಿನ್ನರಿ ಬಾರಿಸಿದರು ಪಾಪ, ಆ ರಾತ್ರಿ ಕೋಟು ಹಾಕಿಕೊಳ್ಳುತ್ತ ನನ್ನ ಹತ್ತಿರ ಬಂದು, ಹತ್ತಿ ತೆಗೆದು, ಆ ಅರ್ಧ ನಿಮಿಷ ನಿನಗೇನಪ್ಪ ಕೇಳಿಸ್ತಿತ್ತು, ಅಂತ ಕೇಳಿದರು. ಹಾಡು ಅಂಕಲ್, ಇನ್ನೇನು, ಅಂತ ನಕ್ಕೆ, ಅವರು ನಗಲಿಲ್ಲ.

ಬಲಗಿವಿಗೆ ಬದಲಾಯಿಸಿದರು. ಈಗ ತೆಳ್ಳಗಿನ ಸದ್ದುಗಳ ಸರದಿ ಇರಬೇಕು, ಒಂದು ಬಂತು, ಒತ್ತಿದೆ, ಇನ್ನೊಂದು, ಒತ್ತಿದೆ, ಮತ್ತೆ — ಇಲ್ಲ, ಇನ್ನೂ ಇಲ್ಲ, ಇಷ್ಟು ಹೊತ್ತು ಯಾಕೆ, ಮೇಡಂ ಕಣ್ಣು ಯಂತ್ರದ ಮೇಲೆ, ತುಟಿ ಒಂಚೂರು ಬಿಗಿ, ಕೊಡುತ್ತಿದ್ದಾರೆ, ಕೊಡುತ್ತಿದ್ದಾರೆ ಅವರು, ನನಗೆ ಬರುತ್ತಿಲ್ಲ. ಬಿಟ್ಟುಬಿಡೋ, ಸಾಕಾಗಿತ್ತಲ್ಲ ನಿನಗೆ, ಇದೇ ಸಮಯ, ಸುಮ್ಮನೆ ಕೂರು, ಚೀಟಿ ಹೇಳಲಿ, ಅಕ್ಕನ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಗುಂಡಿ ಹಚ್ಚು, ಅಂತ ಒಂದು ಮನಸ್ಸು, ಆದರೆ ಹೆಬ್ಬೆರಳು ಆ ಮನಸ್ಸಿನ ಮಾತು ಕೇಳುವುದಿಲ್ಲ, ಅದು ಆಗಲೇ ಎಣಿಸುತ್ತಿದೆ, ಯಾಕೆಂದರೆ ಮೇಡಂಗೂ ಒಂದು ತಾಳ ಇದೆ, ಎಡಗಿವಿಯಲ್ಲೇ ಹಿಡಿದಿದ್ದೆ, ಎರಡು ಹತ್ತಿರ ಹತ್ತಿರ, ಒಂದು ದೂರ, ಮತ್ತೆ ಎರಡು ಹತ್ತಿರ, ಊಹಿಸಲು ಆಗಬಾರದು ಅಂತ ಬೇಕೆಂದೇ ತಪ್ಪಿಸಿ ಕೊಡುತ್ತಾರೆ, ಮನುಷ್ಯ ತಾಳ ತಪ್ಪಿಸುವುದಕ್ಕೂ ಒಂದು ತಾಳ ಇರುತ್ತದೆ ಮೇಡಂ, ಎಣಿಕೆ ನಾಲ್ಕಕ್ಕೆ ಒಂದು, ಎಂಟಕ್ಕೆ ಒಂದು, ಹದಿಮೂರಕ್ಕೆ — ಒತ್ತಿದೆ. ಒತ್ತಿದ ಕೂಡಲೇ ಅವರ ಕಡೆ ಒಂದು ಹಸಿರು ದೀಪ ಹತ್ತಿ ಆರಿತು, ಅವರು ತಲೆ ಆಡಿಸಿದರು, ಗುರುತು ಹಾಕಿಕೊಂಡರು. ನಾಲ್ಕಕ್ಕೆ ಒತ್ತಿದೆ, ದೀಪ, ಗುರುತು. ಥೂ, ಏನು ಕಳ್ಳಾಟ ಇದು, ಸ್ವಂತ ಕಿವಿಗೇ ಕಾಪಿ ಹೊಡೆಯುವುದು, ಅಕ್ಕನಿಗೆ ಮೋಸ, ಆದರೂ ಒತ್ತುತ್ತಿದ್ದೇನೆ, ಶನಿವಾರ ಬೇಕು ನನಗೆ, ಬೇಸರವಾಗಿದ್ದರೂ ಬೇಕು, ಆ ಮೇಜಿನ ಹಿಂದೆ ಅಲ್ಲದೆ ಬೇರೆ ಎಲ್ಲಿ ನಿಂತರೂ ಕೈ ಎಲ್ಲಿಡಬೇಕು ಅಂತಲೇ ನನಗೆ ಗೊತ್ತಾಗುವುದಿಲ್ಲ, ಇದನ್ನು ಅಕ್ಕನಿಗೆ ಹೇಳಿದರೆ ಜೇಬಲ್ಲಿ ಇಟ್ಕೋ ಅಂತಾಳೆ. ಎಂಟಕ್ಕೆ ಒತ್ತಿದೆ.

ನಿಲ್ಲಿಸಿದರು. ಏನೋ ಬರೆದುಕೊಂಡರು, ಪೆನ್ನು ಕೆಳಗಿಟ್ಟರು, ಮುಗಿಯಿತು ಅನ್ನಿಸುತ್ತದೆ, ಪಾಸೋ ಫೇಲೋ, ಅಬ್ಬ, ನಾನೂ ಎಣಿಕೆ ಬಿಟ್ಟೆ, ನಿಜವಾಗಿಯೂ ಬಿಟ್ಟೆ, ಭುಜ ಇಳಿಸಿ ಕುರ್ಚಿಗೆ ಒರಗಿದೆ, ಎಷ್ಟು ವರ್ಷವಾಯಿತೋ ಹೀಗೆ ಏನೂ ಎಣಿಸದೆ ಕೂತು, ಆಗ ಬಂತು. ಬಲಗಿವಿಯಲ್ಲಿ, ತೆಳ್ಳಗೆ, ಎಷ್ಟು ತೆಳ್ಳಗೆ ಅಂದರೆ ಇಂಥದ್ದು ಕೇಳಿ ವರ್ಷಗಳೇ ಆಗಿವೆ, ಒಡಕಿಲ್ಲ, ನಡುಕವಿಲ್ಲ, ಅಯ್ಯೋ ಅಕ್ಕಾ ಕೇಳಿಸ್ತಿದೆ ಕಣೇ, ಇದು ಎಣಿಸಿದ್ದಲ್ಲ, ಕದ್ದದ್ದಲ್ಲ, ನಿಜಕ್ಕೂ ಕೇಳಿಸ್ತಿದೆ, ಸುಮ್ಮನೆ ಹೆದರಿ ಅಷ್ಟೆಲ್ಲ ಕಳ್ಳಾಟ ಆಡಿದೆನಲ್ಲ, ಕಣ್ಣು ತುಂಬಿ ಬಂತು, ಒತ್ತಿದೆ, ಮತ್ತೆ ಬಂತು, ಮತ್ತೆ ಒತ್ತಿದೆ, ನೋಡಿ ಮೇಡಂ, ನೋಡಿ, ಅಂತ ಗಾಜಿನ ಕಡೆ ತಿರುಗಿ ನಕ್ಕೆ. ಮೇಡಂ ಚಹಾ ಕುಡಿಯುತ್ತಿದ್ದರು. ಸ್ಟೀಲ್ ಲೋಟ, ಬಿಸಿ ಇದ್ದಿರಬೇಕು, ಸೆರಗಿನ ತುದಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಊದುತ್ತಿದ್ದರು. ಯಂತ್ರ ತಾನಾಗಿ ಕೊಡುತ್ತಿರಬಹುದು, ಈಗೆಲ್ಲ ತಾನಾಗಿ ಆಗುತ್ತದಲ್ಲ, ಬಂತು, ಒತ್ತಿದೆ, ಹಸಿರು ದೀಪ ಹತ್ತಿತು, ಅವರು ಊದುವುದು ನಿಲ್ಲಿಸಿ ದೀಪ ನೋಡಿದರು, ನನ್ನನ್ನು ನೋಡಿದರು, ಮೈಕಿಗೆ ಬಗ್ಗಿದರು, ಸಾರ್, ನಾನೇನೂ ಕೊಡ್ತಾ ಇಲ್ಲ, ಮಶೀನಿನ ಸದ್ದು ಆಫ್ ಆಗಿದೆ, ಅಂದರು, ಮೆಲ್ಲಗೆ, ಹೆದರಿದ ಮಗುವಿಗೆ ಹೇಳುವ ಹಾಗೆ. ಲೋಟ ಕೆಳಗಿಡಲಿಲ್ಲ. ಆಫ್ ಆಗಿದೆ, ಹಾಗಾದರೆ ಇದು, ಈಗ ಬರುತ್ತಿರುವ ಇದು, ಇಷ್ಟು ಚೆನ್ನಾಗಿ, ಆ ಅರ್ಧ ನಿಮಿಷವೂ ಇಷ್ಟೇ ಚೆನ್ನಾಗಿತ್ತು, ಒಂದು ಎಳೆಯೂ ತಪ್ಪಿರಲಿಲ್ಲ, ಏರಿ ಏರಿ ಬಂದಿತ್ತು, ಅದಕ್ಕೇ ಕೈ ಎತ್ತಿದ್ದೆ — ಒತ್ತಬೇಡ, ಒತ್ತಬೇಡ, ಲೋಟದ ಮೇಲೆ ಎರಡೂ ಕೈ, ಯಂತ್ರದ ಮೇಲೆ ಒಂದೂ ಇಲ್ಲ, ಆವಿ ಅವರ ಕನ್ನಡಕಕ್ಕೆ ಹತ್ತುತ್ತಿದೆ, ಬಂತು, ತಾಳಕ್ಕೆ ಸರಿಯಾಗಿ, ಸಾರ್ ಬಟನ್ ಬಿಡಿ, ಬಂತು, ಲೋಟದ ಮೇಲೆ ಎರಡೂ ಕೈ, ಬಂತು, ಎರಡೂ ಕೈ