ಹಗ್ಗ ತರದೆ ಬಂದವನು

ಸೈದಪ್ಪ ಮೋಟಾರ್ ಸೈಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅರ್ಧ ತಾಸಾಗಿತ್ತು. ಎಂಜಿನ್ನಿನ ತಳವನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಮೂಸಿ ನೋಡಿದ. ಹಿಂದಿನ ಗಾಲಿಯನ್ನು ಮೆಲ್ಲನೆ ತಿರುಗಿಸಿ ಅದರ ಸದ್ದಿಗೆ ಕಿವಿಗೊಟ್ಟ. ಕೊನೆಗೆ ಎದ್ದು ನಿಂತು, ಎತ್ತಿನ ಹೆಗಲಿನ ಮೇಲಿಡುವಂತೆ ಟ್ಯಾಂಕಿನ ಮೇಲೆ ಅಂಗೈಯಿಟ್ಟ.

"ಇನ್ನ ಬಾಯಿ ತೆಗಸಿ ಹಲ್ಲು ನೋಡ್ರಿ. ಅದೊಂದು ಉಳದದ," ಎಂದಳು ನೆರೆಮನೆಯ ಬದರುನ್ನಿಸಾ. ಆಕೆ ತನ್ನ ಕಟ್ಟೆಯ ಮೇಲೆ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

ಒಳಗಿನಿಂದ ಚಹಾದ ಕಪ್ಪುಬಸಿ ಹಿಡಿದು ಬಂದ ಶಾರದಾಬಾಯಿ ನಗಲಿಲ್ಲ. ನಗು ತಡೆಯಲು ಆಕೆ ತುಟಿ ಬಿಗಿಹಿಡಿದದ್ದನ್ನು ಮಾತ್ರ ಸೈದಪ್ಪ ಕಂಡ. ಸರಸಂಬಾದ ಆ ಅಂಗಳಕ್ಕೆ ಅವನು ಬಂದದ್ದು ಅದು ಎರಡನೆಯ ಸಲ.

ಸೈದಪ್ಪ ಜೇವರ್ಗಿಯ ದನದ ದವಾಖಾನೆಯಲ್ಲಿ ಪರಿವೀಕ್ಷಕ. ವಯಸ್ಸು ನಲವತ್ತಾರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎತ್ತು ಕೊಳ್ಳುವವರು ಅವನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಅವನು ಆರಿಸಿಕೊಟ್ಟ ಎತ್ತು ನೊಗ ಎಸೆದ ಉದಾಹರಣೆ ಇರಲಿಲ್ಲ. ಎತ್ತನ್ನು ಮೂರು ಸಲ ನೋಡಬೇಕೆಂಬುದು ಆ ಸೀಮೆಯ ಹಿರಿಯರ ಕಟ್ಟಳೆ: ನಿಂತಾಗ ಒಮ್ಮೆ, ನಡೆದಾಗ ಒಮ್ಮೆ, ದಣಿದಾಗ ಒಮ್ಮೆ. ಮೂರನೆಯ ನೋಟಕ್ಕೆ ಎತ್ತನ್ನು ದಿನವಿಡೀ ನೇಗಿಲಿಗೆ ಹೂಡುತ್ತಾರೆ. ಆಗ ಮಾರುವವನೂ ಸಾಲಿನುದ್ದಕ್ಕೂ ಜೊತೆಯಲ್ಲಿ ನಡೆಯಬೇಕು. ದಣಿದ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಸುಳ್ಳು ಹೇಳುವುದು ಯಾರಿಗೂ ಸುಲಭವಲ್ಲ. ವ್ಯವಹಾರ ಮುಗಿದ ಮೇಲೆ ಎತ್ತು ಕೊಟ್ಟರೂ ಹಗ್ಗ ಕೊಡುವುದಿಲ್ಲ. ಹಗ್ಗದ ಸಂಗಡ ಕೊಟ್ಟಿಗೆಯ ಸಿರಿ ಹೊರಟುಹೋಗುತ್ತದೆಂದು ನಂಬಿಕೆ. ಆದ್ದರಿಂದ ಕೊಳ್ಳುವವನು ತನ್ನ ಹಗ್ಗವನ್ನು ತಾನೇ ತರಬೇಕು. ಹಗ್ಗ ತಂದವನು ಕೊಳ್ಳಲು ಬಂದವನು; ತರದವನು ಸುಮ್ಮನೆ ನೋಡಲು ಬಂದವನು. ಸೈಕಲ್ಲು, ಟ್ರ್ಯಾಕ್ಟರು ಬಂದ ಮೇಲೂ ಜನ ಈ ರೂಢಿ ಬಿಡಲಿಲ್ಲ. ಕೀಲಿಗೆ ಕಟ್ಟಿದ ದಾರವನ್ನಾದರೂ ಬಿಚ್ಚಿಕೊಂಡೇ ಗಾಡಿ ಕೊಡುತ್ತಿದ್ದರು.

ಆ ವರ್ಷ, ಎಂದರೆ ಎಂಬತ್ತೆಂಟರಲ್ಲಿ, ಸೈದಪ್ಪನಿಗೆ ಗಾಡಿ ಅನಿವಾರ್ಯವಾಯಿತು. ನೆಲೋಗಿ, ಕೊಳಕೂರಗಳ ದನಗಳಿಗೆ ಸೂಜಿ ಹಾಕಬೇಕು. ಹದಿನೈದು ದಿನಕ್ಕೊಮ್ಮೆ ಕಲಬುರ್ಗಿಯ ಗದ್ದಲದಲ್ಲಿ ಕಚೇರಿಗೆ ಹೋಗಬೇಕು. ರೋಗದ ಸುದ್ದಿ ಬಂದರೆ ಅಫಜಲಪುರ, ಆಳಂದದವರೆಗೂ ಓಡಬೇಕು. ಜೇವರ್ಗಿಯ ಮಿಸ್ತ್ರಿ ನಾಗಣ್ಣ ಅವನನ್ನು ಕಲಬುರ್ಗಿಯ ಅಂಗಡಿಗಳಿಗೆ ಕರೆದೊಯ್ದ. ಹೊಸ ನಮೂನೆಯ ನೂರು ಸಿಸಿಯ ಗಾಡಿಗಳು ಅಲ್ಲಿ ಬಣ್ಣಬಣ್ಣದ ಪಟ್ಟಿ ಹಚ್ಚಿಕೊಂಡು ನಿಂತಿದ್ದವು.

"ಶಹರದಾಗ ಸೂಜಿ ಹಂಗ ತೂರತದ ನೋಡ್ರಿ," ಎಂದ ನಾಗಣ್ಣ.

"ಮಿಡತಿ ಮ್ಯಾಲ ಕೂತಂಗ ಆಗ್ತದೋ. ಔಷಧ ಪೆಟ್ಟಿಗಿ ಹೊತ್ತು ನೆಲೋಗಿ ಎರಿ ಹೊಲದಾಗ ಹ್ಯಾಂಗ ಹೋಗೂದು?"

ಒಂದು ಯೆಜ್ಡಿ ಗಾಡಿಯನ್ನು ನೋಡಿದರು. ನಡಿಗೆ ಅವನಿಗೆ ಒಪ್ಪಿಗೆಯಾಯಿತು. "ಖರೆ, ಮಾತು ಭಾಳ," ಎಂದು ಅದರ ಎರಡು ಸೈಲೆನ್ಸರುಗಳನ್ನು ತೋರಿಸಿ ಹಿಂದೆ ಸರಿದ. ಅವನಿಗೆ ಬೇಕಾದದ್ದು ಹಳೆಯ ಕಾಲದ ಮೈಕಟ್ಟು: ದುಂಡನೆಯ ದೀಪ, ತೂಕದ ಟ್ಯಾಂಕು, ಊರೊಳಗೆ ಮೆಲ್ಲಗೆ ನಡೆದು ಬಯಲಿಗೆ ಬಿದ್ದಾಗ ಉಸಿರು ಕಟ್ಟದ ಓಟ. ಬೇಸತ್ತ ನಾಗಣ್ಣ, ಸರಸಂಬಾದಲ್ಲಿ ತೀರಿಕೊಂಡ ದೌಲತರಾಯ ಮಾಸ್ತರರ ಬುಲೆಟ್ ಅವರ ಹೆಂಡತಿಯ ಬಳಿ ಇದೆಯೆಂದೂ, ಆಕೆ ಅದನ್ನು ಮಾರುವಳೆಂದೂ ಹೇಳಿದ.

ಬೆಲೆ ಮೊದಲ ದಿನವೇ ಕುದುರಿತು. ಅಂದು ಸೈದಪ್ಪ ಗಾಡಿಯನ್ನು ನಿಂತಂತೆ ನೋಡಿದ. ಸವಾರನಿಗೆ ಸ್ಪ್ರಿಂಗಿನ ಪ್ರತ್ಯೇಕ ಸೀಟು. ಹಿಂದಿನ ಮಡ್‌ಗಾರ್ಡಿನ ಮೇಲೆ ಇನ್ನೊಂದು ಚೌಕದ ಸೀಟು. ಮುಂದಿನ ಸೀಟಿನ ತೊಗಲು ನಡುವೆ ಸವೆದಿದ್ದರೆ ಹಿಂದಿನದು ಎಡಕ್ಕೆ ಸವೆದಿತ್ತು: ಒಂದೇ ಬದಿಗೆ ಕಾಲು ಇಳಿಬಿಟ್ಟು ವರ್ಷಗಟ್ಟಲೆ ಕುಳಿತವರ ಗುರುತು. ಅದನ್ನು ಅವನು ಬಹಳ ಹೊತ್ತು ನೋಡಿದ. ಶಾರದಾಬಾಯಿ ಚಹಾ ತಂದಿಟ್ಟು, ಹುಣಸೆಯ ನೆರಳಿಗೆ ಸರಿದು ಕೂರಲು ಹೇಳಿ, ಕಾಲುಬಾಯಿ ಬೇನೆಗೆ ಸರಕಾರ ಕೊಡುವ ಔಷಧ ನಿಜವಾಗಿ ಹತ್ತುತ್ತದೆಯೇ ಎಂದು ಕೇಳಿದಳು. ಅವನು ಹೇಳಿದ ಉತ್ತರವನ್ನು ಕೊನೆಯವರೆಗೂ ಕೇಳಿದಳು. ಜೇವರ್ಗಿಯ ಕ್ವಾರ್ಟರ್ಸಿನಲ್ಲಿ ಅವನ ಮಾತನ್ನು ಕೊನೆಯವರೆಗೆ ಕೇಳುವವರು ಯಾರೂ ಇರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅವನಿಗೆ ಸ್ಪಷ್ಟವಾಯಿತು: ಆರಿಸುವುದು ಮುಗಿದರೆ ಸರಸಂಬಾಕ್ಕೆ ಹೋಗಲು ಕಾರಣ ಉಳಿಯುವುದಿಲ್ಲ.

ಎರಡನೆಯ ಸಲ, ಎಂದರೆ ಈಗ, ಗಾಡಿಯನ್ನು ಆಳಂದದವರೆಗೆ ಒಬ್ಬನೇ ಓಡಿಸಿಕೊಂಡು ಬಂದಿದ್ದ. ಅದರಲ್ಲಿ ಹುಡುಕಿದರೂ ಕುಂದು ಸಿಕ್ಕಿರಲಿಲ್ಲ. ಚಹಾ ಕುಡಿದು ಅವನು ಬಸಿಯನ್ನು ಕಟ್ಟೆಯ ಮೇಲಿಟ್ಟ.

"ನಡಿಗಿ ಛಲೋ ಅದ್ರಿ. ಇನ್ನ ದಣದಾಗ ಒಮ್ಮಿ ನೋಡಬೇಕು. ಕಲಬುರ್ಗಿ ತನಕ ಹೋಗಿ ಬರೋದು." ಹಿಂದಿನ ಸೀಟಿನತ್ತ ನೋಡಿದ. "ರೂಢಿ ಪ್ರಕಾರ ಮಾಲಕರು ಸಂಗಡ ಇರಬೇಕ್ರಿ."

ಬದರುನ್ನಿಸಾಳ ಕೈಯಲ್ಲಿದ್ದ ಮೆಣಸಿನಕಾಯಿ ಮುರಿಯದೆ ಉಳಿಯಿತು.

"ಮಾಲಕರು ಹೋಗಿ ಮೂರು ವರ್ಷ ಆತ್ರಿ," ಎಂದಳು ಶಾರದಾಬಾಯಿ.

"ಈಗ ಮಾಲಕರು ನೀವಲ್ರಿ."

ಆಕೆ ಹಿಂದಿನ ಸೀಟಿನ ಮೇಲೆ ಬಿದ್ದಿದ್ದ ಹುಣಸೆ ಎಲೆಗಳನ್ನು ಸೆರಗಿನ ತುದಿಯಿಂದ ಒರೆಸಿದಳು. ಒರೆಸಿಯಾದ ಮೇಲೂ ಕೈ ಅಲ್ಲಿಯೇ ಇತ್ತು. "ಮುಂದಿನ ಆಯಿತವಾರ ಬರ್ರಿ," ಎಂದು ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ಸೈದಪ್ಪ ಕೊಳಕೂರದಲ್ಲಿ ಒಂದು ಎಮ್ಮೆಗೆ ಎರಡು ಸಲ ಸೂಜಿ ಹಾಕಲು ಹೋಗಿ ಬೈಸಿಕೊಂಡ. ಗ್ಯಾರೇಜಿಗೆ ಹೋಗಿ ಕುಳಿತಾಗ ನಾಗಣ್ಣ ಬಿಡಲಿಲ್ಲ.

"ಏನ್ರಿ ಸಾಹೇಬ್ರ, ನೋಡೋದು ಇನ್ನ ಮುಗದಿಲ್ಲೇನು? ಹುಡುಗಿ ನೋಡಾಕರ ಇಷ್ಟು ಸಲ ಹೋಗ್ತಾರೋ ಇಲ್ಲೋ!"

"ಮೂರನೇ ನೋಟ ಬಾಕಿ ಅದ."

"ಬಾಕಿ ಇರೋದು ಏನಂತ ನನಗ ಗೊತ್ತದ. ಗಾಡಿ ತಂದ್ರ, ಹೊಸಾ ಎತ್ತಿಗಿ ಹಾಕಿದಂಗ, ಅದರ ಕಾಲಿಗಿ ನೀರು ಹಾಕಾಕ ಮನ್ಯಾಗ ಹೆಣ್ಣುಮಗಳು ಬೇಕಲ್ರಿ." ನಾಗಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ದನಿ ತಗ್ಗಿಸಿದ. "ನಮ್ಮವರಾಗ ಗಂಡ ಹೋದಾಕಿನ್ನ ಉಡಿಕಿ ಮಾಡ್ಕೊಳ್ಳೋದು ಹೊಸಾದೇನಲ್ಲ. ಕೇಳಿಬಿಡ್ರಿ. ಬ್ಯಾಡ ಅಂದ್ರ ಗಾಡಿ ಅಂತೂ ಬರ್ತದ."

ಶನಿವಾರ ಸಂಜೆ ಸೈದಪ್ಪ ಬಿಳಿಯ ಅಂಗಿಗೆ ಇಸ್ತ್ರಿ ಹಾಕಿಸಿದ. ಹೇಳಬೇಕಾದ ಮಾತನ್ನು ಕಲಬುರ್ಗಿಯಿಂದ ಮರಳುವ ದಾರಿಯಲ್ಲಿ, ತನ್ನ ಮುಖ ರಸ್ತೆಯ ಕಡೆಗೆ ಇರುವಾಗಲೇ ಹೇಳಿಬಿಡುವುದೆಂದು ನಿಶ್ಚಯಿಸಿದ. ಹಗ್ಗದ ನೆನಪು ಅವನಿಗೆ ಬರಲೇ ಇಲ್ಲ.

ಆಯಿತವಾರ ಹತ್ತು ಗಂಟೆಗೆ ಅವನು ಸರಸಂಬಾದಲ್ಲಿ ಬಸ್ಸಿಳಿದು ಬಂದಾಗ, ಗಾಡಿ ಅಂಗಳದಲ್ಲಿ ಮುಖ ರಸ್ತೆಗೆ ಮಾಡಿಕೊಂಡು ನಿಂತಿತ್ತು. ಮೈತೊಳೆದು ಒರೆಸಿದ್ದರು. ಹಿಂದಿನ ಸೀಟು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತುಗಳು, ಅವುಗಳ ನಡುವೆ ಒಂದು ಚೌಕ. ಉಳಿದೆಡೆ ಬಿಸಿಲಿಗೆ ಬೂದಿಯಾಗಿದ್ದ ಕಪ್ಪು ಬಣ್ಣ ಆ ಚೌಕದಲ್ಲಿ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

ಶಾರದಾಬಾಯಿ ಹೊಸ್ತಿಲಿನ ಒಳಗೇ ನಿಂತಿದ್ದಳು. "ಹಗ್ಗ ತಂದೀರಿ?"

ಅವನ ಕೈ ತಾನಾಗಿ ಕಿಸೆಗೆ ಹೋಯಿತು, ಬರಿದಾಗಿ ಹೊರಬಂತು. ನೂರಾರು ಜನಕ್ಕೆ ಈ ರೂಢಿಯನ್ನು ಅವನೇ ನೆನಪಿಸಿದ್ದ.

"ಇವತ್ತ... ಮೂರನೇ ಸಲ ನೋಡಾಕಂತ ಬಂದಿದ್ದೆ."

"ಹಗ್ಗ ಇಲ್ದ ಬಂದದ್ದು ನೋಡಿದ್ರನ ತಿಳೀತದ್ರಿ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಛಲೋ ಮನಷ್ಯಾರು. ಅದಕ್ಕ ನಿಮಗ ಕಾಯಿಸಬಾರದು ಅನಸ್ತು. ಈ ಗಾಡಿ ಮ್ಯಾಲ ನಾ ಹನ್ನೊಂದು ವರ್ಷ ಕೂತೇನಿ. ತುಳಜಾಪುರ, ಪಂಢರಪುರ, ಎಲ್ಲಾ ಕಡೆ. ಇದು ದಣದದ್ದು ನಾ ನೋಡಿಲ್ಲ. ಮೂರನೇ ನೋಟ ನಾ ನೋಡೇನಿ. ನನ್ನ ಮಾತು ನಂಬ್ರಿ."

"ನಂಬಿದೆ ಬಾಯಿ."

"ಹಿಂದಿನ ಸೀಟು ಬಿಚ್ಚಿಸಿ ಇಟಗೊಂಡೇನಿ. ಅದು ನನ್ನ ಹಗ್ಗ ಅಂತ ತಿಳಕೋರಿ."

ಸೈದಪ್ಪ ಚೌಕವನ್ನು ನೋಡಿದ. ದಾರಿಯಲ್ಲಿ ಹೇಳಲೆಂದು ಹೊಂದಿಸಿಟ್ಟಿದ್ದ ಮಾತುಗಳಲ್ಲಿ ಈ ಅಂಗಳದಲ್ಲಿ ಹೇಳುವಂಥದು ಒಂದೂ ಇರಲಿಲ್ಲ. "ಹಗ್ಗ ಕೇಳೋ ರೂಢಿ ಇಲ್ಲರಿ," ಎಂದ. "ಪೆಟ್ಟಿಗಿ ಕಟ್ಟಾಕ ಜಾಗ ಆತು."

ಆಕೆ ಕೀಲಿಯಿಂದ ಕೆಂಪು ದಾರವನ್ನು ಬಿಚ್ಚಿ ಮುಷ್ಟಿಯಲ್ಲಿ ಉಳಿಸಿಕೊಂಡು, ಬರಿ ಕೀಲಿಯನ್ನು ಹೊಸ್ತಿಲಿನ ಮೇಲಿಟ್ಟಳು. ಸೈದಪ್ಪ ಬಗ್ಗಿ ಎತ್ತಿಕೊಂಡ. ಆಗ ಬದರುನ್ನಿಸಾ ತನ್ನ ಕಟ್ಟೆಯಿಂದ ಇಳಿದು ಬಂದು, ಮೆಣಸಿನಕಾಯಿ ಚೀಲದ ಬಾಯಿಗೆ ಕಟ್ಟಿದ್ದ ಸುತಳಿಯ ಒಂದು ತುಂಡನ್ನು ಅವನಿಗೆ ಚಾಚಿದಳು.

"ತಗೋರಿ ಅಣ್ಣಾ. ಹಗ್ಗ ಇಲ್ದ ಎತ್ತು ಹೊಡಕೊಂಡು ಹೋಗಬಾರದು." ಈ ಸಲ ಆಕೆ ನಗಿಸಲು ನೋಡಲಿಲ್ಲ.

ಗಾಡಿ ಒಂದೇ ಒದೆತಕ್ಕೆ ಎದ್ದಿತು. ಆಳಂದ ದಾಟಿದ ಮೇಲೆ ಬಯಲು ತೆರೆದುಕೊಂಡಿತು. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಕಲಬುರ್ಗಿಯ ಬಜಾರಿನಲ್ಲಿ ಅದು ಟಾಂಗಾ, ರಿಕ್ಷಾಗಳ ನಡುವೆ ಅವಸರಪಡದೆ ನಡೆಯಿತು. ಭೀಮಾ ಸೇತುವೆಯ ಮೇಲೂ ಅದರ ಉಸಿರು ಬದಲಾಗಲಿಲ್ಲ. ಇಂಥ ಗಾಡಿಯನ್ನು ಸೈದಪ್ಪ ಮತ್ತೊಬ್ಬನಿಗೆ ಆರಿಸಿಕೊಟ್ಟಿದ್ದರೆ ಆ ಮನೆಯವರು ಅವನನ್ನು ಊಟಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು.

ಜೇವರ್ಗಿಗೆ ಬಂದಾಗ ಇನ್ನೂ ಬಿಸಿಲಿತ್ತು. ಕ್ವಾರ್ಟರ್ಸಿನ ಮುಂದೆ ಗಾಡಿ ನಿಲ್ಲಿಸಿ, ಬೀಗ ತೆಗೆದು ಒಳಗೆ ಹೋಗಿ, ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಸ್ತಿಲಿಗೆ ಬಂದು ನಿಂತ. ಆಮೇಲೆ ಹೊರಗೆ ಇಳಿದು ಮುಂದಿನ ಗಾಲಿಗೆ ನೀರು ಹಾಕಿದ. ಬಿಸಿ ಬ್ರೇಕಿನ ಡ್ರಮ್ಮಿನಿಂದ ಸಣ್ಣಗೆ ಹಬೆ ಎದ್ದಿತು.

ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಹಿಂದಿನ ಮಡ್‌ಗಾರ್ಡಿನ ಕಪ್ಪು ಚೌಕದ ಮೇಲೆ ಅರವತ್ತು ಮೈಲಿಯ ಧೂಳು ಮೊದಲ ಸಲ ಕುಳಿತಿತ್ತು. ಸೈದಪ್ಪ ಆ ನೀರನ್ನು ಅಲ್ಲಿ ಸುರಿದು, ಅಂಗಿಯ ತುದಿಯಿಂದ ನಾಲ್ಕು ತೂತುಗಳ ಸುತ್ತ ಒಂದೊಂದಾಗಿ ಒರೆಸಿದ.