ಸುಷ್ಮಾಳ ಕಂಪ್ಯೂಟರಿಗೆ ಬಂದ ಜ್ವರ

ಹೊನ್ನಾವರದಿಂದ ಬೈಕಿನಲ್ಲಿ ಬಂದಿಳಿದ ಕಿರಣನಿಗೆ ಕಾಗಾಲದ ಆ ಮನೆಯಲ್ಲಿ ಯಾರೂ ಕೂತ್ಕೋ ಅನ್ನಲಿಲ್ಲ. ಮನೆಯ ಯಜಮಾನ ಸೋಮ ಬೋಟು ನಡೆಸುವ ತಾಂಡೇಲ. ಕಡಲ ಗಾಳಿಯ ಮೇಲೆ ಕೂಗಿ ಕೂಗಿ ಅವನ ಗಂಟಲು ದೊಡ್ಡದಾಗಿತ್ತು, ಸಿಟ್ಟು ಅದಕ್ಕಿಂತ ದೊಡ್ಡದು. ಸ್ವಂತ ಅಕ್ಕನ ಮಗ ಅನ್ನುವುದನ್ನೂ ನೋಡದೆ ಬೆಳಿಗ್ಗೆ ಫೋನಿನಲ್ಲಿ ಕಿರಣನನ್ನು ಕಳ್ಳ ಅಂದುಬಿಟ್ಟಿದ್ದ.

ಕಾರಣ ಒಂದು ಹಳೆ ಕಂಪ್ಯೂಟರು. ಕಿರಣ ತನ್ನ ಸೈಬರ್ ಅಂಗಡಿ ಮುಚ್ಚಿದಾಗ ಅಲ್ಲಿದ್ದವುಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ ಸೋಮನ ಮಗಳು ಸುಷ್ಮಾಳಿಗೆ ಕೊಟ್ಟಿದ್ದ. ಸುಷ್ಮಾ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವವಳು. ಮನೆಗೆ ಬಂದಳೆಂದರೆ ಗುಂಡು ಹಾರಿಸುವ ಆಟ. ಭಟ್ಕಳ, ಹೊನ್ನಾವರ, ಕುಮಟೆ ಕಡೆಯ ಹುಡುಗಿಯರದ್ದೇ ಒಂದು ತಂಡವಿತ್ತು, ಮುಟ್ಟಳ್ಳಿಯ ಅಮಿತಾ ಅದರ ನಾಯಕಿ. ಬೇಸಿಗೆಯಲ್ಲಿ ಸರಾಗ ಓಡುತ್ತಿದ್ದ ಆಟ ಮಳೆಗಾಲ ಹಿಡಿದ ಮೇಲೆ ಕುಂಟತೊಡಗಿತು. ಶತ್ರು ಎದುರಿಗೆ ಬಂದ ಕೂಡಲೇ ಚಿತ್ರ ನಿಲ್ಲುತ್ತಿತ್ತು. ಮತ್ತೆ ಕದಲುವಷ್ಟರಲ್ಲಿ ಸುಷ್ಮಾ ಸತ್ತು ಬಿದ್ದಿರುತ್ತಿದ್ದಳು. ಈ ಸಂಜೆಯ ಪಂದ್ಯದಲ್ಲೂ ಹಾಗೇ ಆದರೆ ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಳ್ಳುತ್ತೇನೆ ಎಂದು ಅಮಿತಾ ಕಡ್ಡಿ ಮುರಿದಂತೆ ಹೇಳಿದ್ದಳು. ನಿನ್ನೆಯಿಂದ ಸುಷ್ಮಾ ಅನ್ನ ಸರಿಯಾಗಿ ಮುಟ್ಟಿರಲಿಲ್ಲ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ ಸರಿ ಇಲ್ಲ ಎಂದು ಅವಳು ಗೊಣಗಿದ್ದು ಸೋಮನ ಕಿವಿಗೆ ಬಿದ್ದಿತ್ತು. ಸೋಮನಿಗೆ ಆಟ ಅರ್ಥವಾಗುತ್ತಿರಲಿಲ್ಲ, ಮಗಳ ಮುಖ ಅರ್ಥವಾಗುತ್ತಿತ್ತು.

"ಗುಜರಿ ಕಾರ್ಡ್ ಹಾಕಿ ಕೊಟ್ಟಿದ್ದೆ ನೀನು, ಅಲ್ದಾ?" ಎಂದ ಸೋಮ. "ಹೊರಗಿನವರಿಗೆ ಟೋಪಿ ಹಾಕು. ಮಾವನ ಮನೆಗೇ ಎಂತಕ್ಕೆ?"

ಕಿರಣ ಆಟ ಶುರು ಮಾಡಿಸಿ, ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತದೆ, ಎಷ್ಟು ಬಿಸಿಯಾಗಿದೆ ಎಂಬ ಅಂಕಿಗಳು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿದ. ಸುಷ್ಮಾ ಬಂದೂಕು ಹಿಡಿದು ಓಡಿದಳು. ಮೊದಲು ಚಿತ್ರ ಚೆನ್ನಾಗಿಯೇ ಹೋಯಿತು. ಆಮೇಲೆ ತಡವರಿಸಿತು, ನಿಂತಿತು. ಸೋಮನಿಗೆ ಇದೇ ಬೇಕಿತ್ತು. ನೋಡು ನಿನ್ನ ಕಾರ್ಡಿನ ಹಣೆಬರಹ ಎಂದು ಹಂಗಿಸಿದ.

"ಮಾವ, ಕಾರ್ಡ್ ಅರ್ಧ ನಿದ್ದೆ ಮಾಡ್ತಾ ಉಂಟು," ಎಂದ ಕಿರಣ, ಅಂಕಿಯ ಮೇಲೆ ಬೆರಳಿಟ್ಟು. "ಅದಕ್ಕೆ ಕೆಲಸ ಕೊಡೂದು ಪ್ರೊಸೆಸರು. ಆ ಪ್ರೊಸೆಸರಿಗೇ ಜ್ವರ ಬಂದದೆ. ಸುಟ್ಟು ಹೋಗ್ತೇನೆ ಅಂತ ಹೆದರಿ ಅದೇ ನಿಧಾನ ಆಗ್ತದೆ."

ತೊಂಬತ್ತೆಂಟು ಡಿಗ್ರಿ, ನೀರು ಕುದಿಯುವುದಕ್ಕೆ ಎರಡೇ ಕಡಿಮೆ. ಸುಷ್ಮಾ ಆ ಅಂಕಿಯನ್ನೇ ನೋಡುತ್ತ ಕೂತಳು. ಇಷ್ಟು ದಿನ ಅವಳೂ ಕಾರ್ಡನ್ನೇ ಶಪಿಸಿದ್ದಳು, ಹೊಸದಕ್ಕೆ ಸಂಬಳ ಕೂಡಿಡತೊಡಗಿದ್ದಳು. ಅಷ್ಟರಲ್ಲಿ ಕಿರಣ ಪರದೆಯಲ್ಲಿ ಇನ್ನೊಂದು ಕಿಟಕಿ ತೆರೆದು ನೋಡಿದ. ತಾನು ಎರಡು ರ‍್ಯಾಮ್ ಮೆಮೊರಿ ಪಟ್ಟಿ ಹಾಕಿ ಕೊಟ್ಟಿದ್ದೆ, ಒಂದೇ ಕಾಣುತ್ತದೆ, ಯಾರಾದರೂ ತೆಗೆದರಾ ಎಂದು ಕೇಳಿದ.

ಸೋಮನ ಹುಬ್ಬು ಮೇಲೇರಿತು. ಕಿರಣನ ಕಳ್ಳತನ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದು. "ಬಿಚ್ಚು," ಎಂದ. "ನಮ್ಮೆದುರಿಗೇ ಬಿಚ್ಚು. ಎಂತೆಂತ ಇಲ್ಲ, ನೋಡುವಾ."

ಪೆಟ್ಟಿಗೆಯ ಪಕ್ಕದ ತಗಡು ಕಳಚಿದ ಕಿರಣ ಹಿಂದೆ ಸರಿದ. ಅದೇ ಕೋಣೆಯ ಮೂಲೆಯಲ್ಲಿ ಹರಿದ ಬಲೆ ಹೆಣೆಯುತ್ತಿದ್ದ ಸೋಮನ ಹೆಂಡತಿ ಕಮಲಿ ಎದ್ದು ಬಂದು ಬಾಯಿಗೆ ಕೈ ಇಟ್ಟುಕೊಂಡಳು. ಫ್ಯಾನು, ಅದರಡಿಯಲ್ಲಿ ಬಿಸಿ ಹೊರಹಾಕುವ ತೆಳು ತಗಡುಗಳ ಗಂಟು, ಅಲ್ಲೇ ಇದ್ದ ಎರಡೂ ಮೆಮೊರಿ ಪಟ್ಟಿಗಳ ಚಿನ್ನದ ಬಣ್ಣದ ಅಂಚು, ಎಲ್ಲದರ ಮೇಲೂ ಕಂದು ಜಿಡ್ಡು. ಜಿಡ್ಡಿಗೆ ಬಲೆಯ ನೂಲಿನ ಎಳೆ, ಊದುಬತ್ತಿಯ ಬೂದಿ, ಕೂದಲು ಮೆತ್ತಿಕೊಂಡು ಕಂಬಳಿಯಾಗಿತ್ತು. ಫ್ಯಾನು ಆ ಕಂಬಳಿಯೊಳಗೆ ಹೇಗೆ ತಿರುಗುತ್ತಿತ್ತೋ ದೇವರಿಗೇ ಗೊತ್ತು.

"ಇದೆಂತ ಭಾವ?" ಎಂದಳು ಸುಷ್ಮಾ.

ಕಿರಣ ಬೆರಳಿಗೆ ಸವರಿ ಮೂಸಿದ. ತನ್ನ ಜನ್ಮದಲ್ಲಿ ಇಂಥದ್ದು ಕಂಡಿಲ್ಲ ಎಂದ.

ಸೋಮ ಕಂಡಿದ್ದ. ಜೂನಿನಲ್ಲಿ ಬೋಟನ್ನು ದಡಕ್ಕೆಳೆದ ದಿನ, ಪ್ರತಿ ವರ್ಷದಂತೆ, ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಇಂಜಿನ್ನಿಗೆಲ್ಲ ಗ್ರೀಸು ಬಳಿದು ಮನೆಗೆ ಬಂದಿದ್ದ. ಕಂಪ್ಯೂಟರಿನ ಹಿಂದಿನ ಸ್ಕ್ರೂಗಳು ಕೆಂಪಾದದ್ದು ಕಣ್ಣಿಗೆ ಬಿತ್ತು. ಮಗಳ ಯಂತ್ರ. ಡಬ್ಬಿಯಲ್ಲಿ ಗ್ರೀಸು ಉಳಿದಿತ್ತು. ಪಟ್ಟಿಗಳನ್ನು ಒಂದೊಂದಾಗಿ ಕಿತ್ತು, ಹಚ್ಚಿ, ಮತ್ತೆ ಕೂರಿಸಿದ್ದ. ಬೋಟಿನ ಬ್ಯಾಟರಿಯ ತುದಿಗೂ ಹಾಗೇ ಹಚ್ಚುವುದಲ್ಲವೇ? ಹೇಳಿಕೊಳ್ಳುವಂಥ ಕೆಲಸ ಅನ್ನಿಸಿರಲಿಲ್ಲ, ಹೇಳಿರಲಿಲ್ಲ.

ಈಗ ಮೂರು ಮುಖಗಳೂ ಪೆಟ್ಟಿಗೆಯತ್ತ ತಿರುಗಿದ್ದವು. ಸುಮ್ಮನಿದ್ದರೆ ತಪ್ಪು ಕಿರಣನ ಹೆಸರಿಗೇ ಹೋಗುತ್ತಿತ್ತು.

"ನಾನೇ ಹಚ್ಚಿದ್ದು," ಎಂದ ಸೋಮ. "ತುಕ್ಕು ಹಿಡೀತದೆ ಅಂತ."

ಸುಷ್ಮಾ ತಂದೆಯನ್ನು ನೋಡಿದಳು. ಅವಳು ಬೈದಿದ್ದರೆ ಸೋಮ ತಿರುಗಿ ಬೈದು ಹಗುರಾಗುತ್ತಿದ್ದ. ಅವಳು ಹಳೆ ಟೂತ್ ಬ್ರಷ್ಷೊಂದು ತಂದು ಅವನ ಕೈಗಿಟ್ಟಳು.

ಕಿರಣ ಸ್ಪಿರಿಟ್ ಬಾಟಲಿ ತೆಗೆದ. ಆ ಬ್ರಷ್ಷಿನಿಂದ ತಗಡಿನ ಸಂದು ಸಂದು ಉಜ್ಜುವ ಕೆಲಸ ಸೋಮನಿಗೆ ಬಂತು. ತಗಡಿನ ಗಂಟು ಎತ್ತಿದಾಗ ಅದರಡಿ, ಪ್ರೊಸೆಸರಿನ ಬೆನ್ನ ಮೇಲೆ, ಬಿಳಿ ಲೇಪವೊಂದು ಒಣಗಿ ಪುಡಿಯಾಗಿತ್ತು. ಶಾಖ ತಗಡಿಗೆ ಏರುವುದು ಆ ಲೇಪದಿಂದಲೇ ಎಂದು ಕಿರಣ ವಿವರಿಸಿ, ಸಣ್ಣ ಟ್ಯೂಬಿನಿಂದ ಕಡಲೆ ಕಾಳಿನಷ್ಟು ಹಿಂಡಿದ. ಸೋಮನ ಬಾಯಿ ತಡೆಯಲಿಲ್ಲ. ಹಾಗಾದರೆ ಇದೂ ಗ್ರೀಸೇ ಅಲ್ಲವಾ ಎಂದ.

"ಹಚ್ಚಬೇಕಾದ್ದು ಇದೊಂದೇ ಜಾಗ, ಮಾವ. ಇದೊಂದು ಬಿಟ್ಟು ಎಲ್ಲಾ ಕಡೆ ಹಚ್ಚಿದ್ರಿ ನೀವು."

ಕಮಲಿ ಬಲೆಯೊಳಗೆ ಮುಖ ಹುದುಗಿಸಿ ನಕ್ಕಳು.

ಒರೆಸಿದ ಪಟ್ಟಿಗಳಲ್ಲಿ ಒಂದು ಮಾತ್ರ ಬದುಕಿತು, ಇನ್ನೊಂದು ಸತ್ತೇ ಹೋಗಿತ್ತು. ಉಳಿದ ಒಂದೇ ಪಟ್ಟಿಗೆ ಭಾರವಾಗದಿರಲಿ ಎಂದು ಸುಷ್ಮಾ ಆಟದ ಚಿತ್ರವನ್ನು ಮಂಕು ಮಾಡಿಕೊಂಡಳು. ಮರಗಳು ಬರೀ ಹಸಿರು ಮುದ್ದೆಗಳಾದವು, ಆದರೆ ಚಿತ್ರ ನಿಲ್ಲದೆ ಓಡಿತು. ಜ್ವರ ಎಪ್ಪತ್ತರ ಹತ್ತಿರ ನಿಂತಿತು.

ಪಂದ್ಯ ನಡೆದಷ್ಟು ಹೊತ್ತು ಸೋಮ ಬಾಗಿಲಲ್ಲೇ ನಿಂತಿದ್ದ. ಮಗಳು ಆಡುವುದನ್ನು ಅವನು ನಿಂತು ನೋಡಿದ್ದು ಇದೇ ಮೊದಲು. ಅವಳ ಎಡಗೈ ಕೀಲಿಗಳ ಮೇಲೆ ಏಡಿಯಂತೆ ಹರಿದಾಡುತ್ತಿತ್ತು. ಎದುರಿಗೆ ಬಂದವರೆಲ್ಲ ಉರುಳುತ್ತಿದ್ದರು. ಈ ಕೈಗೆ ತಾನು ಇಷ್ಟು ದಿನ ಗ್ರೀಸು ಮೆತ್ತಿಟ್ಟಿದ್ದೆನೇ ಎಂದು ಅವನು ಜಿಡ್ಡು ಹಿಡಿದ ತನ್ನ ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡ.

ಗೆದ್ದರು. ಸ್ಪೀಕರಿನಲ್ಲಿ ಅಮಿತಾಳ ದನಿ ಕೋಣೆಗೆಲ್ಲ ಕೇಳಿಸಿತು: "ಸುಷ್ಮಾ, ಮುಂದಿನ ಮ್ಯಾಚಿಗೂ ನೀನೇ ಬಾ ಮಾರಾಯ್ತಿ. ಎಂತ, ಹೊಸ ಕಂಪ್ಯೂಟರ್ ತಕಂಡ್ಯಾ?"

"ಇಲ್ಲ," ಎಂದಳು ಸುಷ್ಮಾ, ತಿರುಗದೆ. "ಅಪ್ಪ ಹಾಳು ಮಾಡಿಟ್ಟಿದ್ದ. ಕಿರಣ ಭಾವ ಬಂದು ಸರಿ ಮಾಡ್ದ."

ಸ್ಪೀಕರಿನ ಆಚೆ ಹುಡುಗಿಯರೆಲ್ಲ ಒಟ್ಟಿಗೇ ನಕ್ಕರು. ಬೋಟಿನ ಮೇಲೆ ಅವನೆದುರು ಗಂಡಸರೂ ಹಾಗೆ ನಗುತ್ತಿರಲಿಲ್ಲ. ಸೋಮ ಬೈಯಲು ಬಾಯಿ ತೆರೆದ. ಆಮೇಲೆ ಕಿರಣನತ್ತ ಕುರ್ಚಿ ಎಳೆದು, "ಕೂತ್ಕೋ," ಎಂದ.